ಬೀಗವಿದ್ದರೆ ಮುಂದಕ್ಕೆ

“ಕಾರು ತಿರುಗಿಸಿ ಡೋಲ್ಫಿಯಣ್ಣ,” ಎಂದಳು ಸುಗಂಧಿ.

ಎಷ್ಟು ಸುಲಭವಾಗಿ ಹೇಳಿಬಿಟ್ಟಳು ನೋಡಿ. ವಫ್ರಾ ರಸ್ತೆಯಲ್ಲಿ ಕಾರು ತಿರುಗಿಸುವುದೆಂದರೆ ಮನೆಯಂಗಳದಲ್ಲಿ ಸೈಕಲ್ಲು ತಿರುಗಿಸಿದ ಹಾಗಲ್ಲ. ನಡುವೆ ಉದ್ದಕ್ಕೂ ಕಬ್ಬಿಣದ ತಡೆ, ಯೂ ಟರ್ನ್ ಬೇಕಾದರೆ ಮುಂದಿನ ಸೇತುವೆಯವರೆಗೆ ಹೋಗಲೇಬೇಕು, ದಾರಿಯಲ್ಲಿ ಕ್ಯಾಮೆರಾಗಳು. ಅದೂ ಅಲ್ಲದೆ, ಹಿಂದಿನ ಸೀಟಿನಲ್ಲಿ ಕೂತ ಈ ಸುಗಂಧಿಯನ್ನು ಸಂಜೆಯೊಳಗೆ ಸಿಟಿ ಮನೆಗೆ ತಲುಪಿಸಬೇಕೆಂದು ಮಾಮಾ ಆಗಲೇ ಎರಡೆರಡು ಸಲ ಫೋನು ಮಾಡಿದ್ದಳು. ಮಾಮಾ ಎಂದರೆ ನಮ್ಮ ಕಫೀಲನ, ಅಂದರೆ ವೀಸಾ ಕೊಟ್ಟ ಯಜಮಾನನ, ಹೆಂಡತಿ. ಕುವೈತಿನ ಮನೆಗಳಲ್ಲಿ ಡ್ರೈವರು, ಅಡುಗೆಯವರು ಎಲ್ಲರೂ ಯಜಮಾನಿಯನ್ನು ಕರೆಯುವುದೇ ಹಾಗೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆದರೂ ನನಗೆ ಮಾಮಾ. ಅವತ್ತು ಶುಕ್ರವಾರ, ಮನೆಗೆ ನೆಂಟರು ಬರುವವರಿದ್ದರು. ಸುಗಂಧಿಯ ಕೈಯ ಕುರಿಮಾಂಸದ ಅನ್ನ ಇಲ್ಲದಿದ್ದರೆ ಆ ನೆಂಟರಿಗೆ ಗಂಟಲಲ್ಲಿ ಏನೂ ಇಳಿಯುವುದಿಲ್ಲವಂತೆ. ಹಾಗಾಗಿ ತೋಟದಲ್ಲಿದ್ದವಳನ್ನು ಉಟ್ಟ ಬಟ್ಟೆಯಲ್ಲೇ ಎಬ್ಬಿಸಿಕೊಂಡು ಬಾ ಎಂದು ಮಾಮಾ ನನ್ನನ್ನು ಅಟ್ಟಿದ್ದಳು.

“ಎಂತ ಮರ್ತು ಬಂದ್ರಿ? ಮಸಾಲೆ ಡಬ್ಬಿಯಾ?” ಎಂದೆ.

ಕನ್ನಡಿಯಲ್ಲಿ ನೋಡಿದರೆ ಅವಳ ಮುಖ ಮುಖವಾಗಿರಲಿಲ್ಲ. ಫೋನನ್ನು ಕಿವಿಗೊತ್ತಿಕೊಂಡಿದ್ದಳು. ಅದರೊಳಗಿಂದ ಯಾರೋ ಕೆಮ್ಮುತ್ತ, ಹಿಂದಿಯಲ್ಲಿ ಕೂಗುತ್ತಿದ್ದ ದನಿ ನನಗೂ ಕೇಳುತ್ತಿತ್ತು.

“ತೋಟಕ್ಕೆ ಬೆಂಕಿ ಬಿದ್ದಿದೆ,” ಎಂದಳು.

“ಯಾವ ತೋಟಕ್ಕೆ?”

“ನಮ್ಮದಕ್ಕೇ.”

ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಆದರೂ ಅಷ್ಟೇನೂ ಗಾಬರಿ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ವಫ್ರಾದ ತೋಟಗಳಲ್ಲಿ ಬೆಂಕಿ ಹೊಸತಲ್ಲ. ಒಣ ಖರ್ಜೂರದ ಗರಿ, ಸೌತೆ ಬೆಳೆಯುವ ಪ್ಲಾಸ್ಟಿಕ್ಕಿನ ಮನೆಗಳು, ಅದರ ಮೇಲೆ ಮಾರ್ಚ್ ತಿಂಗಳ ಧೂಳುಗಾಳಿ. ಒಂದು ಕಿಡಿ ಸಾಕು. ಅವತ್ತಂತೂ ಮಾಮಾಳ ಮಗ ಮುಹಮ್ಮದ್ ಗೆಳೆಯರನ್ನು ಕಟ್ಟಿಕೊಂಡು ಬಂದು ಮರಗಳ ಕೆಳಗೇ ಕೆಂಡ ಮಾಡಿ ಮಾಂಸ ಸುಡುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡು ಬಂದಿದ್ದೆ. ಇಂಥದ್ದಕ್ಕೆಂದೇ ಅಲ್ಲಿ ರೋಹಿದಾಸನ ಬೆಂಕಿ ಪಡೆ ಇತ್ತು.

ರೋಹಿದಾಸ ಸುಗಂಧಿಯ ಗಂಡ. ಪಡುಬಿದ್ರೆ ಕಡೆಯವನು, ನಮ್ಮ ಕಫೀಲನ ತೋಟದ ಕಾವಲುಗಾರ, ಮೇಸ್ತ್ರಿ, ಎಲ್ಲವೂ. ಸರಕಾರದ ಅಗ್ನಿಶಾಮಕದವರು ಇದ್ದಾರೆ, ಬರುತ್ತಾರೆ, ಒಳ್ಳೆಯ ಕೆಲಸಗಾರರು ಕೂಡ. ಆದರೆ ಆ ತೋಟಗಳ ಮಧ್ಯದ ಮರಳುದಾರಿಗಳಿಗೆ ಹೆಸರೂ ಇಲ್ಲ, ಫಲಕವೂ ಇಲ್ಲ. ದೊಡ್ಡ ಗಾಡಿ ದಾರಿ ಹುಡುಕಿಕೊಂಡು ಬರುವಷ್ಟರಲ್ಲಿ ಗರಿಯ ಬೆಂಕಿ ಊಟ ಮುಗಿಸಿ ಕೈ ತೊಳೆದಿರುತ್ತದೆ. ಅದಕ್ಕೇ ಸುತ್ತಲಿನ ತೋಟಗಳ ಕೆಲಸಗಾರರು, ಬಂಗಾಳಿ, ಪಂಜಾಬಿ, ಮಿಸ್ರಿ ಎಂದು ಕರೆಯುವ ಈಜಿಪ್ಟಿನವರು, ನಮ್ಮ ಊರಿನವರು, ಸೇರಿ ಒಂದು ಪಡೆ ಮಾಡಿಕೊಂಡಿದ್ದರು. ಸಂಬಳ ಇಲ್ಲ, ಸಮವಸ್ತ್ರ ಇಲ್ಲ. ಸಿಹಿನೀರಿನ ಹಳೇ ಟ್ಯಾಂಕರಿಗೆ ಪಂಪು ಕೂಡಿಸಿದ್ದರು. ಅಹ್ಮದಿಯ ತೈಲ ಕಂಪನಿಯಲ್ಲಿರುವ ಮೈಸೂರಿನ ಮಧುಸೂದನ್ ಎಂಬ ಇಂಜಿನಿಯರು ಬಿಡುವಿದ್ದ ಶುಕ್ರವಾರ ಬಂದು ತರಬೇತಿ ಕೊಡುತ್ತಿದ್ದರು. ಶುಕ್ರವಾರ ಒಂದೇ ರಜೆ, ಅದನ್ನೂ ಬೆಂಕಿಗೆ ಕೊಟ್ಟ ಗಂಡ ಎಂದು ಸುಗಂಧಿ ಗೊಣಗುತ್ತಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನೂ ಅವನನ್ನು ಕಾಡಿಸುತ್ತಿದ್ದೆ.

“ರೋಹಿದಾಸ ಇದ್ದಾನಲ್ಲ, ನಂದಿಸ್ತಾನೆ. ನೀವು ಹೋಗಿ ಎಂತ ಮಾಡ್ಲಿಕ್ಕುಂಟು?” ಎಂದೆ.

ಆಗ ಅವಳು ಮುಂದಕ್ಕೆ ಬಾಗಿ, ನನ್ನ ಸೀಟಿನ ಬೆನ್ನು ಹಿಡಿದುಕೊಂಡು, ತೀರ ತಗ್ಗಿದ ದನಿಯಲ್ಲಿ ಹೇಳಿದಳು. “ಗೊಬ್ಬರದ ಸ್ಟೋರಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ನಾನೇ ಹೊರಗಿಂದ ಬೀಗ ಹಾಕಿ ಬಂದದ್ದು.”

ಕಾರು ಒಂದು ಕ್ಷಣ ನನ್ನ ಕೈ ಮೀರಿ ಪಕ್ಕದ ಸಾಲಿಗೆ ಹೋಯಿತು. ಹಿಂದಿನಿಂದ ಬಂದ ಲಾರಿಯವನು ಹಾರ್ನು ಒತ್ತಿ, ಬೈದು ಹೋದ.

ಅವಳ ಹೆಸರು ರಮ್ಲಾ. ಉಪ್ಪಿನಂಗಡಿ ಕಡೆಯ ಬ್ಯಾರಿ ಹುಡುಗಿ, ಮನೆಗೆಲಸದ ವೀಸಾದಲ್ಲಿ ಬಂದವಳು. ಇದ್ದ ಮನೆಯಲ್ಲಿ ಹೊಡೆತ ತಡೆಯಲಾಗದೆ ಓಡಿಬಂದಿದ್ದಳು. ಪಾಸ್‌ಪೋರ್ಟೂ ಇಲ್ಲ, ಫೋನೂ ಇಲ್ಲ. ತೋಟಗಳ ಹತ್ತಿರ ಅಂಗಡಿ ಇಟ್ಟಿರುವ ಬಾವಾಕುಂಞಿ ಎಲ್ಲಿಂದಲೋ ಅವಳನ್ನು ರೊಟ್ಟಿಯ ವ್ಯಾನಿನಲ್ಲಿ ಕೂರಿಸಿಕೊಂಡು ಬಂದು ಸುಗಂಧಿಯ ಕಾಲು ಹಿಡಿದಿದ್ದ. ಭಾನುವಾರ ರಾಯಭಾರಿ ಕಚೇರಿ ತೆರೆಯುತ್ತದೆ, ತರಕಾರಿ ಗಾಡಿಯಲ್ಲಿ ಕಳಿಸಿಬಿಡುತ್ತೇನೆ, ಅಲ್ಲಿಯವರೆಗೆ ಇಟ್ಟುಕೊಳ್ಳಿ ಅಕ್ಕ, ನನ್ನ ಅಂಗಡಿಯಲ್ಲಿ ಗಂಡಸರೇ ತುಂಬಿದ್ದಾರೆ ಎಂದು. ಸುಗಂಧಿ ಒಪ್ಪಿದ್ದಳು. ವಾರದ ಕೊನೆಗೆ ಮುಹಮ್ಮದ್ ಮತ್ತು ಗೆಳೆಯರು ತೋಟ ತುಂಬ ಓಡಾಡುತ್ತಾರಲ್ಲ, ಆ ಭಯಕ್ಕೆ ಸ್ಟೋರಿನ ಒಳಗೆ ಕೂರಿಸಿ ಹೊರಗಿನಿಂದ ಬೀಗ ಜಡಿದಿದ್ದಳು. ಹೊರಗೆ ಬೀಗ ಕಂಡರೆ ಒಳಗೆ ಯಾರೂ ಇಲ್ಲ ಎಂದು ಎಲ್ಲರಿಗೂ ಗ್ಯಾರಂಟಿ. ಈ ಉಪಾಯ ಸುಗಂಧಿ ಕಂಡುಹಿಡಿದದ್ದೇನಲ್ಲ. ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಇಲ್ಲದವರನ್ನು ಅಡಗಿಸುವವರು ಇಲ್ಲಿ ಮಾಡುವುದೇ ಹಾಗೆ.

“ನಿಮಗೆ ತಲೆ ಸರಿ ಉಂಟಾ?” ಎಂದು ಕೂಗಿದೆ. “ಜೀವ ಇರುವ ಮನುಷ್ಯರನ್ನು ಬೀಗ ಹಾಕಿ ಇಡ್ಲಿಕ್ಕೆ ಅವಳೇನು ಕೋಳಿಯಾ? ಕೀ ಎಲ್ಲಿ?”

ಅವಳು ಅಂಗೈ ಬಿಚ್ಚಿ ತೋರಿಸಿದಳು. ಮಾಮಾಳ ಅವಸರಕ್ಕೆ ನಾನು ಹಾರ್ನು ಒತ್ತಿ ಒತ್ತಿ ಕರೆದದ್ದರಲ್ಲಿ ಅದು ಅವಳ ಜೊತೆಯೇ ಬಂದುಬಿಟ್ಟಿತ್ತು. ನಾನು ಇನ್ನು ಬಯ್ಯಲಿಲ್ಲ.

“ರೋಹಿದಾಸನಿಗೆ ಹೇಳಿ, ಬೇಗ.”

“ಅವರಿಗೆ ವಿಷಯವೇ ಗೊತ್ತಿಲ್ಲ ಡೋಲ್ಫಿಯಣ್ಣ. ಗೊತ್ತಿದ್ದರೆ ಅವರೂ ಕಳ್ಳರೇ ಆಗ್ತಾರಲ್ಲ, ನಾಳೆ ಪೊಲೀಸರು ಬಂದ್ರೆ ಅವರಾದ್ರೂ ಉಳೀಲಿ ಅಂತ ನಾನು ಹೇಳಲೇ ಇಲ್ಲ.”

“ಈಗ ಹೇಳಿ ಮಾರಾಯ್ತಿ!”

“ಅವರ ಫೋನು ಟ್ಯಾಂಕರಿನಲ್ಲಿ ಇರ್ತದೆ.”

ಅದೂ ಪಡೆಯ ಕ್ರಮ. ನೀರು, ಹೊಗೆ, ಓಟದ ಮಧ್ಯೆ ಒಬ್ಬೊಬ್ಬರು ಫೋನು ಹಿಡಿದು ನಿಂತರೆ ಕೆಲಸ ಕೆಡುತ್ತದೆಂದು ಎಲ್ಲರೂ ಫೋನುಗಳನ್ನು ಟ್ಯಾಂಕರಿನ ಕ್ಯಾಬಿನ್ನಿನಲ್ಲಿಟ್ಟು ಇಳಿಯಬೇಕು. ಟ್ಯಾಂಕರು ಓಡಿಸುವ ಕಾರ್ಕಳದ ಶ್ರವಣ್ ಒಬ್ಬನ ಹತ್ತಿರ ಮಾತ್ರ ಫೋನು. ಪಡೆಯ ವಾಟ್ಸಾಪ್ ಗುಂಪಿಗೆ ಬಂದ ದನಿಯನ್ನೆಲ್ಲ ಅವನು ಟ್ಯಾಂಕರಿನ ಧ್ವನಿವರ್ಧಕಕ್ಕೆ ಹಿಡಿಯುತ್ತಾನೆ. ಎಲ್ಲರಿಗೂ ಒಮ್ಮೆಗೇ ಕೇಳುತ್ತದೆ. ಒಳ್ಳೆಯ ಕ್ರಮವೇ. ಆದರೆ ಒಬ್ಬರ ಕಿವಿಗೆ ಮಾತ್ರ ಏನನ್ನೂ ಹೇಳುವ ಹಾಗಿಲ್ಲ.

ಸುಗಂಧಿ ಶ್ರವಣನಿಗೆ ಫೋನು ಮಾಡಿದಳು. ಬ್ಯುಸಿ. ಮತ್ತೆ ಮಾಡಿದಳು, ಬ್ಯುಸಿ. ಅಗ್ನಿಶಾಮಕದವರಿಗೆ ದಾರಿ ಹೇಳುತ್ತಿರಬೇಕು. ಸೇತುವೆ ಇನ್ನೂ ಕಾಣುತ್ತಿರಲಿಲ್ಲ. ನಾನು ಆಕ್ಸಿಲರೇಟರಿನ ಮೇಲೆ ಕಾಲಿಟ್ಟು ಒತ್ತಿದೆ, ಬಲಗಡೆಯ ಕ್ಯಾಮೆರಾ ಫಳ್ಳನೆ ಮಿಂಚಿತು.

“ಅವರು ಸ್ಟೋರು ನೋಡ್ತಾರೆ, ಬಿಡಿ,” ಎಂದೆ, ನನಗೆ ನಾನೇ ಧೈರ್ಯ ಹೇಳಿಕೊಳ್ಳುವ ಹಾಗೆ. “ಬೆಂಕಿ ಹತ್ತಿರ ಬಂದ್ರೆ ಎಲ್ಲಾ ಬಾಗಿಲು ನೋಡ್ತಾರೆ.”

“ನೋಡೂದಿಲ್ಲ,” ಎಂದಳು ಸುಗಂಧಿ. “ಬೀಗವಿದ್ದರೆ ಮುಂದಕ್ಕೆ.”

ಅವಳು ಹೇಳಿದ ಮೇಲೆ ನನಗೂ ನೆನಪಾಯಿತು. ನಾನೂ ಒಂದೆರಡು ಶುಕ್ರವಾರ ಚಹಾದ ಆಸೆಗೆ ಆ ತರಬೇತಿಯಲ್ಲಿ ನಿಂತವನೇ. ಸಾಲು ಕೋಣೆಗಳಿಗೆ ಬೆಂಕಿ ಬಿದ್ದಾಗ ಮೊದಲು ತೆರೆದ ಬಾಗಿಲು, ಆಮೇಲೆ ಒಳಚಿಲಕ ಹಾಕಿದ ಬಾಗಿಲು. ಹೊರಗೆ ಬೀಗವಿದ್ದರೆ ನಿಲ್ಲಬೇಡಿ, ಒಡೆಯುತ್ತ ಹೊತ್ತು ಕಳೆಯಬೇಡಿ, ಮುಂದಕ್ಕೆ ಹೋಗಿ. ರೋಹಿದಾಸ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದ. ಆ ಮಗ್ಗಿ ಕೇಳುತ್ತಲೇ ಇವಳು ಚಹಾ ಸೋಸುತ್ತಿದ್ದಳು.

“ಕೂಗಿದ್ರೆ ಕೇಳೂದಿಲ್ವಾ?”

“ಅವಳು ಕೂಗೂದಿಲ್ಲ,” ಎಂದಳು ಸುಗಂಧಿ. “ಯಾರು ಬಂದ್ರೂ, ಬಾಗಿಲು ಬಡಿದ್ರೂ, ಏನಾದ್ರೂ ಉಸಿರು ಬಿಡಬೇಡ ಅಂತ ನಾನೇ ಹೇಳಿದ್ದೇನೆ. ಮೂಟೆಗಳ ಹಿಂದೆ ಮಲಗು ಅಂದಿದ್ದೇನೆ. ಪಾಪ, ಹೇಳಿದ ಮಾತು ಮೀರುವವಳಲ್ಲ.”

ಸೇತುವೆ ಬಂತು. ನಾನು ಅದರ ಮೇಲೆ ಹೇಗೆ ಹತ್ತಿ ಹೇಗೆ ಇಳಿದೆನೋ ದೇವರಿಗೇ ಗೊತ್ತು. ಈಗ ಕಾರಿನ ಮೂತಿ ವಫ್ರಾ ಕಡೆಗಿತ್ತು, ಆದರೆ ಬಂದಷ್ಟೂ ದಾರಿ ಹಿಂದಕ್ಕೆ ಹೋಗಬೇಕಿತ್ತು. ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಮಾಮಾ.

“ವೇನ್ ಇಂತಾ, ಡೋಲ್ಫಿ?” ಎಲ್ಲಿದ್ದೀಯ ಎಂದು.

“ದಾರಿಯಲ್ಲಿ, ಮಾಮಾ,” ಎಂದೆ. ಅದು ಸುಳ್ಳಲ್ಲವಲ್ಲ. “ಜಹಾಮ್ ಮಾಮಾ, ಟ್ರಾಫಿಕ್.” ಮುಂದೆ ನೋಡಿದರೆ ರಸ್ತೆ ಬಟಾಬಯಲು, ಒಂದು ಒಂಟೆಯೂ ಇರಲಿಲ್ಲ.

ಸುಗಂಧಿ ಅಷ್ಟರಲ್ಲಿ ಬಾವಾಕುಂಞಿಯನ್ನು ಹಿಡಿದಿದ್ದಳು. ಫೋನು ಸ್ಪೀಕರಿನಲ್ಲಿತ್ತು. ಅವನು ಮುಖ್ಯರಸ್ತೆಗೆ ಮರಳುದಾರಿ ಕೂಡುವ ತಿರುವಿನಲ್ಲಿ ನಿಂತಿದ್ದನಂತೆ. ಅಗ್ನಿಶಾಮಕದ ಗಾಡಿಗಳಿಗೆ ಯಾವ ಮರಳುದಾರಿಯಲ್ಲಿ ತಿರುಗಬೇಕೆಂದು ತೋರಿಸುವುದು ಪಡೆಯಲ್ಲಿ ಅವನ ಪಾಲಿನ ಕೆಲಸ.

“ಬಾವಣ್ಣ, ಸ್ಟೋರು! ಅವಳು ಸ್ಟೋರಿನಲ್ಲಿದ್ದಾಳೆ!”

“ಯಾ ಅಲ್ಲಾ!” ಎಂದ. “ಅಕ್ಕಾ, ನೀವು ತೋಟದಲ್ಲಿ ಇಲ್ವಾ? ಕೀ ನಿಮ್ಮ ಕೈಯಲ್ಲಿ ಅಲ್ವಾ?”

“ನನ್ನನ್ನು ಸಿಟಿಗೆ ಕರೆಸಿದ್ರು. ನೀವು ಓಡಿ, ರೋಹಿದಾಸರಿಗೆ ಹೇಳಿ.”

“ನಾನು ಇಲ್ಲಿಂದ ಕದಲಿದ್ರೆ ಗಾಡಿ ಎತ್ತ ಹೋಗ್ತದೋ ಹೇಳ್ಲಿಕ್ಕಾಗೂದಿಲ್ಲ ಅಕ್ಕ. ಕಾಲಲ್ಲಿ ಓಡಿದ್ರೂ ಅಲ್ಲಿಗೆ ಮುಟ್ಲಿಕ್ಕೆ ಎಷ್ಟು ಹೊತ್ತು ಬೇಕು. ಹೊಗೆ ಕಪ್ಪಾಗಿ ಮೇಲೆ ಹೋಗ್ತಾ ಉಂಟು, ಗಾಳಿ ಸ್ಟೋರಿನ ಕಡೆಗೇ...” ಸ್ವಲ್ಪ ತಡೆದು, “ಗ್ರೂಪಿನಲ್ಲಿ ಹಾಕಿ. ಶ್ರವಣ್ ಕೇಳಿಸ್ತಾನೆ. ಬೇರೆ ದಾರಿ ಇಲ್ಲ,” ಎಂದ. ಮತ್ತೂ ತಡೆದು, ಕಿವಿಯಲ್ಲಿ ಹೇಳುವ ಹಾಗೆ, “ನನ್ನ ಹೆಸರು ಮಾತ್ರ ತೆಗೀಬೇಡಿ ಅಕ್ಕ. ಊರಲ್ಲಿ ಮಕ್ಕಳಿದ್ದಾರೆ,” ಎಂದು ಇಟ್ಟುಬಿಟ್ಟ.

ಗ್ರೂಪಿನಲ್ಲಿ ಹಾಕುವುದೆಂದರೆ ಏನು ಗೊತ್ತೇ? ಆ ಗುಂಪಿನಲ್ಲಿ ಸುತ್ತಲಿನ ಎಲ್ಲ ತೋಟಗಳವರಿದ್ದರು. ಮುಹಮ್ಮದನೂ ಇದ್ದ. ಟ್ಯಾಂಕರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಹುಚ್ಚಿಗೆ ತಾನೇ ಸೇರಿಕೊಂಡವನು. ಆಯಾಗಳ ಕೈಯಲ್ಲಿ ಬೆಳೆದ ಹುಡುಗ, ಹಿಂದಿ ಚೆನ್ನಾಗಿ ತಿಳಿಯುತ್ತದೆ. ಫೋನಿನಲ್ಲಿ ಕೇಳದಿದ್ದರೂ ಧ್ವನಿವರ್ಧಕದಲ್ಲಿ ಕೇಳಿಯೇ ಕೇಳುತ್ತಾನೆ. ಅವನಿಗೆ ತಿಳಿದರೆ ಕಫೀಲನಿಗೆ ತಿಳಿದ ಹಾಗೆ. ಓಡಿಬಂದವಳನ್ನು ತೋಟದಲ್ಲಿ ಅಡಗಿಸಿಟ್ಟದ್ದಕ್ಕೆ ಜೈಲು, ಆಮೇಲೆ ಗಡೀಪಾರು, ಗಂಡ ಹೆಂಡತಿ ಇಬ್ಬರಿಗೂ ಈ ದೇಶ ಖಲಾಸ್. ಗಂಡನಿಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ?

ಸುಗಂಧಿ ಫೋನನ್ನು ಬಾಯಿಯ ಹತ್ತಿರ ಹಿಡಿದು, ಹೆಬ್ಬೆರಳನ್ನು ಎತ್ತಿಕೊಂಡೇ ಇದ್ದಳು. ಒತ್ತಲಿಲ್ಲ.

ಆಗ ನಾನು ಒಂದು ಮಾತಾಡಿದೆ. ಆಡಬಾರದಿತ್ತು, ಆಡಿದೆ. “ಬಾಯಿ ಬಿಟ್ಟರೆ ಬಣ್ಣಗೇಡು ಸುಗಂಧಕ್ಕ. ಇನ್ನೊಮ್ಮೆ ಶ್ರವಣನಿಗೆ ಟ್ರೈ ಮಾಡಿ ನೋಡಿ.”

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನು ಕಣ್ಣು ತಪ್ಪಿಸಿ ರಸ್ತೆ ನೋಡಿದೆ. ದೂರದಲ್ಲಿ, ಮರಳಿನ ಗೆರೆಯ ಮೇಲೆ, ಹೊಗೆ ಕಾಣತೊಡಗಿತ್ತು. ಮೊದಲು ಧೂಳೆಂದುಕೊಂಡೆ. ಧೂಳಾಗಿದ್ದರೆ ಹಳದಿ ಇರಬೇಕಿತ್ತು.

ಅವಳು ಒತ್ತಿದಳು. “ಸಬ್ ಭಾಯಿ ಸುನೋ,” ಎಂದು ಕ್ಯಾಂಪಿನ ಹಿಂದಿಯಲ್ಲಿ ಶುರುಮಾಡಿದಳು. “ಮೈ ಸುಗಂಧಿ. ಖಾದ್ ಕಾ ಸ್ಟೋರ್ ಮೇ ಏಕ್ ಲಡ್ಕೀ ಹೈ. ತಾಲಾ ಮೈನೇ ಲಗಾಯಾ. ತಾಲಾ ತೋಡೋ. ಜಲ್ದೀ ತೋಡೋ.” ಗೊಬ್ಬರದ ಸ್ಟೋರಿನಲ್ಲಿ ಹುಡುಗಿ ಇದ್ದಾಳೆ, ಬೀಗ ಹಾಕಿದವಳು ನಾನು, ಒಡೆಯಿರಿ. ಅಷ್ಟೇ. ಅಳಲಿಲ್ಲ, ಕಾರಣ ಹೇಳಲಿಲ್ಲ. ಕಳಿಸಿ, ಫೋನನ್ನು ಮಡಿಲಲ್ಲಿಟ್ಟುಕೊಂಡಳು.

ಏಸಿಯ ಸದ್ದೂ ಹೆಚ್ಚಾಯಿತೆಂದು ನಾನು ಅದನ್ನು ಆರಿಸಿಬಿಟ್ಟೆ. ಗುಂಪಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಕೇಳಿದರೋ ಇಲ್ಲವೋ, ಶ್ರವಣ್ ಅದನ್ನು ಹಾಕಿದನೋ, ಟ್ಯಾಂಕರಿನ ಹತ್ತಿರವೇ ಇಲ್ಲವೋ. ನನಗೆ ಗೊತ್ತಿದ್ದ ಪ್ರಾರ್ಥನೆಯೆಲ್ಲ ಅರ್ಧರ್ಧಕ್ಕೆ ಮರೆತುಹೋಯಿತು.

ಮೊದಲು ಬಂದದ್ದು ಬಾವಾಕುಂಞಿಯ ದನಿ. ಹೆಸರು ತೆಗೆಯಬೇಡಿ ಎಂದವನು. ಮುರುಕು ಹಿಂದಿಯಲ್ಲಿ ಹೇಳುತ್ತಿದ್ದ: “ಆ ಹುಡುಗಿಯನ್ನು ತಂದು ಬಿಟ್ಟದ್ದು ನಾನು, ಬಾವಾಕುಂಞಿ. ಅಕ್ಕನದು ತಪ್ಪಿಲ್ಲ. ಬೀಗ ಒಡೀರಿ ಭಾಯಿ.” ಸುಗಂಧಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದರ ಹಿಂದೆಯೇ ಶ್ರವಣನ ದನಿ ಬಂತು, ಕೆಮ್ಮಿನ ಮಧ್ಯೆ.

“ಅಕ್ಕಾ, ಬೀಗ ಒಡೆದಾಯ್ತು. ಒಳಗೆ ಯಾರೂ ಇಲ್ಲ. ರೋಹಿದಾಸಣ್ಣ ಟಾರ್ಚು ಹಾಕಿ ನೋಡಿದ್ರು, ಕೂಗಿದ್ರು. ಯಾರೂ ಇಲ್ಲ. ಮಾಡು ಹತ್ತಿಕೊಂಡಿದೆ, ನಾವು ಹಿಂದೆ ಬರ್ತಾ ಇದ್ದೇವೆ.”

“ಇದ್ದಾಳೆ!” ಎಂದು ಸುಗಂಧಿ ಚೀರಿದಳು. ಕಾರಿನಲ್ಲಿ ನನಗಲ್ಲದೆ ಯಾರಿಗೆ ಕೇಳಬೇಕು? “ಮೂಟೆಯ ಹಿಂದೆ ಇದ್ದಾಳೆ ಡೋಲ್ಫಿಯಣ್ಣ, ಇದ್ದಾಳೆ!”

“ಅದನ್ನು ಅವರಿಗೆ ಹೇಳಿ! ಅಲ್ಲ, ಅವರಿಗಲ್ಲ,” ಎಂದೆ ನಾನು. ಆ ಬುದ್ಧಿ ನನಗೆ ಎಲ್ಲಿಂದ ಬಂತೋ. “ಅವಳಿಗೇ ಹೇಳಿ. ಧ್ವನಿವರ್ಧಕ ಉಂಟಲ್ಲ, ಅವಳಿಗೂ ಕೇಳ್ತದೆ!”

ಸುಗಂಧಿ ಮತ್ತೆ ಒತ್ತಿದಳು. ಈ ಸಲ ಹಿಂದಿ ಇಲ್ಲ, ಏನೂ ಇಲ್ಲ. ತನ್ನ ಕೋಳಿಗಳನ್ನು ಕರೆಯುವಾಗಿನ ಗಂಟಲಿನಲ್ಲಿ ಕೂಗಿದಳು. “ರಮ್ಲಾ! ನಾನು ಸುಗಂಧಕ್ಕ! ನಾನು ಹೇಳಿದ್ದೆಲ್ಲಾ ಬಿಡು ಮಗಾ! ಕೂಗು! ಎದ್ದು ಕೂಗು! ಅವರು ಪೊಲೀಸಿನವರಲ್ಲ, ನಮ್ಮವರೇ! ಕೂಗು ರಮ್ಲಾ, ಕೂಗು!” ಒಂದೇ ಮಾತನ್ನು ಎಷ್ಟು ಸಲ ಹೇಳಿದಳೋ. ಹೆಬ್ಬೆರಳು ಎತ್ತಿದ ಮೇಲೂ ಕೂಗುತ್ತಲೇ ಇದ್ದಳು.

ಮುಖ್ಯರಸ್ತೆ ಬಿಟ್ಟು ಮರಳುದಾರಿಗೆ ಇಳಿದಾಗ ಆ ತಿರುವಿನಲ್ಲಿ ಬಾವಾಕುಂಞಿ ಇರಲಿಲ್ಲ. ಅಗ್ನಿಶಾಮಕದ ಗಾಡಿಗಳ ದೊಡ್ಡ ಚಕ್ರದ ಗುರುತು ಮಾತ್ರ ಮರಳಿನಲ್ಲಿ ಹೊಸತಾಗಿತ್ತು. ಅವರನ್ನು ದಾಟಿಸಿ ಆಮೇಲೆ ಹೋಗಿದ್ದ. ಹೊಗೆ ಈಗ ಆಕಾಶದ ಅರ್ಧವನ್ನು ನುಂಗಿತ್ತು, ಸುಟ್ಟ ಪ್ಲಾಸ್ಟಿಕ್ಕಿನ ಘಾಟು ಮುಚ್ಚಿದ ಕಾರಿನೊಳಕ್ಕೂ ಬಂತು. ಮಾಮಾಳ ಫೋನು ಮತ್ತೆ ಬಂತು, ನಾನು ಕತ್ತರಿಸಿದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಫೋನು ಮತ್ತೆ ಠಣ್ ಎಂದಿತು. ಶ್ರವಣನದು. ಒಂದೇ ಮಾತು: “ಸಿಕ್ಕಿದ್ಳು.”

“ಜೀವ ಉಂಟಾ?” ಎಂದೆ.

ಸುಗಂಧಿ ಅದನ್ನು ಮೂರು ಸಲ ಹಾಕಿ ಕೇಳಿದಳು. ಸಿಕ್ಕಿದ್ಳು. ಸಿಕ್ಕಿದ್ಳು. ಸಿಕ್ಕಿದ್ಳು. ಅದರಲ್ಲಿ ಜೀವ ಇದೆಯೋ ಇಲ್ಲವೋ ಎಂದು ತಿಳಿಯಲು ಯಾವ ಉಪಾಯವೂ ಇರಲಿಲ್ಲ. ಹಿಂದಿನಿಂದ ಯಾರೋ ಅಳುತ್ತಿರುವ ಹಾಗೆ ಒಮ್ಮೆ ಕೇಳಿದರೆ, ಇನ್ನೊಮ್ಮೆ ಅದು ಪಂಪಿನ ಸದ್ದಿನ ಹಾಗೆ ಕೇಳುತ್ತಿತ್ತು. ಅಷ್ಟರಲ್ಲಿ ಪಕ್ಕದ ತೋಟದ ಒಬ್ಬ ಪಂಜಾಬಿಯ ಮಾತು ಬಂತು, ಹೆದರಿ ಹೆದರಿ: ಭಾಯಿ, ಗಾಳಿ ನಮ್ಮ ಕಡೆ ತಿರುಗಿದೆ, ನಮ್ಮ ಪಂಪು ಕೋಣೆಗೂ ಹೊರಗೆ ಬೀಗ ಉಂಟು, ಅಲ್ಲೂ ಒಬ್ಬನಿದ್ದಾನೆ, ಕೀ ಇಟ್ಟವನು ಸಿಗುತ್ತಿಲ್ಲ. ಅದಕ್ಕೆ ಶ್ರವಣನ ಫೋನಿನಿಂದ ರೋಹಿದಾಸನೇ ಉತ್ತರ ಕೊಟ್ಟ. ಅವನ ದನಿ ಗುರುತೇ ಸಿಗಲಿಲ್ಲ. “ಬೀಗ ಕಂಡಲ್ಲೆಲ್ಲ ಒಡೀರಿ,” ಎನ್ನುತ್ತಿದ್ದ. “ಒಂದನ್ನೂ ಬಿಡಬೇಡಿ. ಒಂದನ್ನೂ.”

ನಾನು ತೋಟದ ಗೇಟಿನಲ್ಲಿ ಕಾರು ನಿಲ್ಲಿಸುವ ಮೊದಲೇ ಸುಗಂಧಿ ಬಾಗಿಲು ತೆರೆದು ಹಾರಿದ್ದಳು. ಅಗ್ನಿಶಾಮಕದವರು ನೀರು ಹಾರಿಸುತ್ತಿದ್ದರು. ಖರ್ಜೂರದ ಸಾಲು ಕಪ್ಪು ಕಂಬಗಳಾಗಿತ್ತು. ಸ್ಟೋರಿನ ತಗಡಿನ ಮಾಡು ಒಳಕ್ಕೆ ಕುಸಿದು ಕೂತಿತ್ತು. ಮುಹಮ್ಮದನ ಗೆಳೆಯರು ಕಾಣಲಿಲ್ಲ, ಅವನೊಬ್ಬ ಮಾತ್ರ ಕೈಯಲ್ಲಿ ಫೋನು ಹಿಡಿದು ಮೂಕನ ಹಾಗೆ ನಿಂತಿದ್ದ.

ಟ್ಯಾಂಕರಿನ ಚಕ್ರಕ್ಕೆ ಒರಗಿ ಅವಳು ಕೂತಿದ್ದಳು. ಕೂತಿದ್ದಳು! ಮೈಯೆಲ್ಲ ನೀರು, ಮುಖ ಮಸಿ, ಹಣೆಯ ಮೇಲೆ ಯಾರದೋ ಒದ್ದೆ ಟವೆಲು. ಎಳೆ ಮುಖ. ಕಣ್ಣು ತೆರೆದಿತ್ತು, ಮಾತಿರಲಿಲ್ಲ. ಪಕ್ಕದಲ್ಲಿ ಬಾವಾಕುಂಞಿ ಲೋಟದಲ್ಲಿ ನೀರು ಹಿಡಿದು ಕುಕ್ಕರುಗಾಲಿನಲ್ಲಿದ್ದ. ಸುಗಂಧಿ ಅವಳ ಮುಂದೆ ಕುಸಿದು ಕೂತು ಮುಖ, ಕೈ, ಕಾಲುಗಳನ್ನೆಲ್ಲ ತಡವಿ ತಡವಿ ನೋಡಿದಳು. ಅಳು ಆಗ ಬಂತು. ನನಗೂ ಬಂತು, ನಾನು ಹೊಗೆಯ ಕಡೆ ಮುಖ ಮಾಡಿ ನಿಂತೆ.

ರೋಹಿದಾಸ ಸ್ವಲ್ಪ ದೂರದಲ್ಲಿ ನೆಲದ ಮೇಲೆಯೇ ಕೂತಿದ್ದ. ಹುಬ್ಬು ಸುಟ್ಟುಹೋಗಿತ್ತು. ಹೆಂಡತಿಯನ್ನು ಕಂಡು ಎದ್ದ. ಹೊಡೆದೇಬಿಡುತ್ತಾನೆ ಎಂದುಕೊಂಡು ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವನು ಹೊಡೆಯಲಿಲ್ಲ.

“ನೀರಿನ ಪೈಪು ಮೊದಲು ಸ್ಟೋರಿನ ಕಡೆಗೇ ಇತ್ತು,” ಎಂದ. “ಡೀಸೆಲು ಟ್ಯಾಂಕಿಗೆ ತಿರುಗಿಸಿ, ಸ್ಟೋರಿಗೆ ಬೀಗ ಉಂಟು, ಬಿಡಿ ಅಂದದ್ದು ನಾನು. ಎರಡು ಸಲ ಆ ಬಾಗಿಲ ಮುಂದೆಯೇ ಹೋದೆ.”

“ನಿಮ್ಮನ್ನು ಉಳಿಸ್ಲಿಕ್ಕೆ ಅಂತ ನಾನು...”

“ನನ್ನ ಕೈಯಿಂದಲೇ ಕೊಲ್ಲಿಸ್ತಿದ್ದೆಯಲ್ಲ ಸುಗಂಧಿ,” ಎಂದ. ಬೈಗುಳದ ದನಿ ಅದಾಗಿರಲಿಲ್ಲ. “ನನಗೆ ಗೊತ್ತೇ ಆಗದ ಹಾಗೆ.”

ಆಂಬುಲೆನ್ಸು ಬಂತು, ಅದರ ಹಿಂದೆಯೇ ಪೊಲೀಸ್ ಗಾಡಿ. ಇಳಿದ ಅಧಿಕಾರಿ ಒಳ್ಳೆಯ ಮುಖದ ತರುಣ. ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ, ಹುಡುಗಿಯ ಕಡೆ ಬೆರಳು ತೋರಿಸಿ, ಇವಳು ಯಾರು, ಯಾವ ಮನೆಯವಳು ಎಂದು ಕೇಳಿದ. ಅಷ್ಟು ಜನ ನಿಂತಿದ್ದರು, ಒಬ್ಬರೂ ಬಾಯಿ ತೆರೆಯಲಿಲ್ಲ. ಅವನು ಮುಹಮ್ಮದನನ್ನು ನೋಡಿದ. ಮುಹಮ್ಮದ್ ಸುಗಂಧಿಯನ್ನು ನೋಡಿದ. ಹುಡುಗ ತಲೆ ತಗ್ಗಿಸಿ, ತನಗೆ ಗೊತ್ತಿಲ್ಲ ಎಂದ. ಅವನ ಕೆಂಡದ ಒಲೆ ಅಲ್ಲೇ ಮಗುಚಿ ಬಿದ್ದಿತ್ತು, ಆ ಭಯಕ್ಕೋ, ಕರುಣೆಗೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ರೋಹಿದಾಸ ನನ್ನ ಹತ್ತಿರ ಬಂದು ತುಳುವಿನಲ್ಲಿ ಪಿಸುಗುಟ್ಟಿದ, ಸುಗಂಧಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗು, ಮಾಮಾ ಕಾಯುತ್ತಿದ್ದಾರಲ್ಲ, ಇವಳು ಇಲ್ಲಿ ಇರಲೇ ಇಲ್ಲ ಎಂದಾಗಲಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು. ನಾನು ಸುಗಂಧಿಯ ತೋಳು ಹಿಡಿದು ಎಬ್ಬಿಸಿದೆ. ಎದ್ದಳು. ಕಾರಿನವರೆಗೂ ಬಂದಳು. ಒಳಗೆ ಕೂತಳು ಕೂಡ. ಬೀಸುವ ದೊಣ್ಣೆ ತಪ್ಪಿತು ಎಂದು ನಾನು ಗೇರು ಹಾಕಿದೆ.

ಆಂಬುಲೆನ್ಸಿನವರು ರಮ್ಲಾಳನ್ನು ಮಲಗಿಸಿ ಒಳಗೆ ಸರಿಸಿದರು. ಅವರಲ್ಲಿ ಒಬ್ಬ ಮಿಸ್ರಿ ಬಾಗಿಲು ಎಳೆದುಕೊಂಡ. ಅಷ್ಟೇ, ಆಗ ಅವಳು ಕೂಗಿದಳು.

ಅದುವರೆಗೆ ಒಂದು ಶಬ್ದವನ್ನೂ ಆಡದವಳು. ಮಾಡು ಬೀಳುತ್ತಿದ್ದಾಗಲೂ ಅವಳು ಬಾಯಿ ತೆರೆದು ಕೂಗಲಿಲ್ಲವಂತೆ, ಸುಗಂಧಿಯ ದನಿ ಕೇಳಿ ಮೂಟೆಯೊಂದನ್ನು ತಳ್ಳಿ ಬೀಳಿಸಿದಳಂತೆ, ಆ ಸದ್ದಿಗೆ ರೋಹಿದಾಸ ತಿರುಗಿ ಒಳನುಗ್ಗಿದನಂತೆ. ಶ್ರವಣ್ ಆಮೇಲೆ ಹೇಳಿದ. ಈಗ ಕೂಗಿದ ಕೂಗಿಗೆ ನೀರು ಹಾರಿಸುತ್ತಿದ್ದವರೂ ತಿರುಗಿ ನೋಡಿದರು. “ಮುಚ್ಬೇಡಿ! ಬಾಗ್ಲು ಮುಚ್ಬೇಡಿ! ಅಲ್ಲಾಹನಾಣೆ ಮುಚ್ಬೇಡಿ!” ಎದ್ದು ಕೂತು ಬಾಗಿಲನ್ನು ಎರಡೂ ಕೈಯಿಂದ ತಳ್ಳುತ್ತಿದ್ದಳು. ಆ ಮಿಸ್ರಿಗೆ ಭಾಷೆ ತಿಳಿಯದು, ಅವಳ ಭುಜ ಹಿಡಿದು ಮಲಗಿಸಲು ನೋಡಿದ. ಅವಳು ಇನ್ನೂ ಕೂಗಿದಳು.

ನನ್ನ ಹಿಂದಿನ ಬಾಗಿಲು ತೆರೆಯಿತು.

“ಬೇಡ ಸುಗಂಧಕ್ಕ,” ಎಂದೆ. “ಹೋಗ್ಬೇಡಿ, ನಿಮ್ಮ ದಮ್ಮಯ್ಯ.” ಅವಳಿಗೆ ಕೇಳಿಸಿತೋ ಇಲ್ಲವೋ. ಓಡಲಿಲ್ಲ, ನಡೆದೇ ಹೋದಳು. ಪೊಲೀಸಿನವನು ಅಡ್ಡ ಬಂದು ನೀನು ಯಾರು ಎಂದ. ಸುಗಂಧಿ ತನ್ನ ಎದೆಯ ಮೇಲೆ ಕೈಯಿಟ್ಟು, ಅಡುಗೆಮನೆಯಲ್ಲಿ ಕಲಿತ ಅರಬಿಯಲ್ಲಿ ಹೇಳಿದಳು, “ಅನಾ ಸಕ್ಕರ್ ಬಾಬ್.” ಬಾಗಿಲು ಹಾಕಿದವಳು ನಾನು.

ಅವನು ದಾರಿ ಬಿಟ್ಟ. ಅವಳು ಆಂಬುಲೆನ್ಸು ಹತ್ತಿ ರಮ್ಲಾಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಮಿಸ್ರಿಗೆ ಸನ್ನೆ ಮಾಡಿದಳು. ಅವನು ಬಾಗಿಲು ಮುಚ್ಚಿದ. ಒಳಗಿನಿಂದ ಕೂಗು ಬರಲಿಲ್ಲ.

ರೋಹಿದಾಸ ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತ. ಮೈತುಂಬ ಬೂದಿ, ಮಾಮಾಳ ಬಿಳಿ ಸೀಟು. ನನ್ನ ಫೋನಿಗೆ ಮಾಮಾಳ ಕರೆ ಇನ್ನೂ ಬರುತ್ತಲೇ ಇತ್ತು. ಆಂಬುಲೆನ್ಸು ಹೊರಟಿತು, ಅದರ ಹಿಂದೆ ಪೊಲೀಸ್ ಗಾಡಿ.

“ಹೋಗುವಾ,” ಎಂದ ಅವನು. ನಾನು ಅವುಗಳ ಹಿಂದೆ ಕಾರು ಬಿಟ್ಟೆ.